ನಲವತ್ತೇಳನೇ ತೋಟದ ಅವಿವಾಹಿತ

ಅಕ್ಟೋಬರಿನ ಮೂರನೇ ವಾರ, ಬೇಲಿಗಳ ಎಲೆಯೆಲ್ಲ ಉದುರಿ ಮೂಳೆ ಕಾಣತೊಡಗಿದ್ದ ಒಂದು ಬೆಳಿಗ್ಗೆ, ರಿಗ್ಮೋರಳ ಬಾಳೆಗಿಡ ಒಂದು ಪುಟ್ಟ ಎಲೆ ಹಾಕಿತು. ಪುಟ್ಟದು ಅಂದರೆ ಅಂಗೈ ಅಗಲ. ಅದಕ್ಕೆ ಮುಂಚಿನ ಎಲೆಗಳೋ, ಒಂದೊಂದೂ ತೊಟ್ಟಿಲಿಗೆ ಹಾಸಿ ಮಿಕ್ಕುವಷ್ಟು ಉದ್ದ. ರಿಗ್ಮೋರ್ ಕೈಲಿದ್ದ ಕಾಫಿ ಬಟ್ಟಲನ್ನು ಅಲ್ಲೇ ಹುಲ್ಲಿನ ಮೇಲಿಟ್ಟು ಗಿಡಕ್ಕೆ ಕಿವಿ ಹಚ್ಚಿದಳು. ಏನೂ ಕೇಳಿಸಲಿಲ್ಲ. ಆದರೆ ಬಸುರಿಯ ಹೊಟ್ಟೆಗೆ ಕಿವಿಗೊಟ್ಟವರಿಗೆ ಕೇಳಿಸದೆಯೂ ಗೊತ್ತಾಗುವಂತೆ ಅವಳಿಗೂ ಗೊತ್ತಾಯಿತು. ಹೂ ಬರುವ ಮುಂಚೆ ಬಾಳೆ ಕೊನೆಯದಾಗಿ ಹಾಕುವುದು ಇಂಥದೇ ಒಂದು ಮರಿ ಎಲೆ. ಅಂದರೆ ಒಳಗೆ, ಪಟ್ಟೆಯೊಳಗೆ ಪಟ್ಟೆ, ಅದರೊಳಗೆ ಮತ್ತೊಂದು ಪಟ್ಟೆ ಸುತ್ತಿಕೊಂಡ ಕತ್ತಲಲ್ಲಿ, ಮೊಗ್ಗು ಹುಟ್ಟಿತ್ತು.

ಬಾಳೆಗಿಡಕ್ಕೆ ತಾನು ಎಲ್ಲಿದ್ದೇನೆ ಅನ್ನುವ ಅರಿವು ಇದ್ದಿದ್ದರೆ ಅಕ್ಟೋಬರಿನಲ್ಲಿ ಇಂಥ ಕೆಲಸ ಮಾಡುತ್ತಿರಲಿಲ್ಲ. ಅದು ಇದ್ದದ್ದು ಕೋಪನ್‌ಹೇಗನ್ನಿನ ಅಂಚಿನಲ್ಲಿ, ಮೂಲೆಬಿಸಿಲು ತೋಟಸಂಘದ ನಲವತ್ತೇಳನೇ ತೋಟದಲ್ಲಿ. ಅಲ್ಲಿ ಅರವತ್ತೆರಡು ತೋಟ, ತೋಟಕ್ಕೊಂದು ಆಟಿಕೆಯಷ್ಟು ಮರದ ಮನೆ, ಮನೆಗೊಂದು ಧ್ವಜಕಂಬ. ಬೇಸಿಗೆಯಲ್ಲಿ ಜನ ಅಲ್ಲೇ ಉಂಡು ಅಲ್ಲೇ ಮಲಗುತ್ತಾರೆ. ನವೆಂಬರ್ ಬಂತೆಂದರೆ ಬೀಗ ಜಡಿದು ಊರೊಳಗಿನ ಮನೆಗೆ ಹೋಗುತ್ತಾರೆ; ಏಪ್ರಿಲ್ ಮುಗಿಯುವವರೆಗೆ ತೋಟಕ್ಕೆ ಹಗಲು ಬಂದು ಹೋಗಬಹುದು, ಯಾರೂ ವಾಸ ಮಾಡಕೂಡದು ಅನ್ನುವುದು ಸಂಘದ ಒಂಬತ್ತನೇ ನಿಯಮ.

ಪ್ರತಿ ವರ್ಷ ರಿಗ್ಮೋರ್ ಬಾಳೆಯನ್ನು ಮೊಣಕಾಲೆತ್ತರಕ್ಕೆ ಕಡಿದು ಮೇಲೆ ಹುಲ್ಲು ಹೊದಿಸುತ್ತಿದ್ದಳು. ವಸಂತದಲ್ಲಿ ಅದು ಚಿಗುರಿ ಮತ್ತೆ ಆಕಾಶ ನೋಡುತ್ತಿತ್ತು, ಅಷ್ಟರಲ್ಲಿ ಮತ್ತೆ ಅಕ್ಟೋಬರ್. ಹೀಗೇ ಇಪ್ಪತ್ನಾಲ್ಕು ವರ್ಷ. ಎದುರು ತೋಟದ ಬೋಡಿಲ್‌ಗೆ ಇದೊಂದು ಖಾಯಂ ತಮಾಷೆ. "ನಿನ್ನ ಬಾಳೆ ಹೂ ಬಿಟ್ಟ ದಿನ ನನ್ನ ಕಂಬಕ್ಕೆ ಬಾವುಟ ಏರಿಸ್ತೀನಿ ಕಣೇ," ಅನ್ನುತ್ತಿದ್ದಳು. ಬೋಡಿಲ್ ಬಾವುಟ ಏರಿಸುವುದೆಂದರೆ ಸಾಮಾನ್ಯವಲ್ಲ. ತನ್ನ ಹುಟ್ಟುಹಬ್ಬಕ್ಕೆ ಬಿಟ್ಟರೆ ಬೇರೆ ಯಾರ ಸಂತೋಷಕ್ಕೂ ಆ ಬಾವುಟ ಪೆಟ್ಟಿಗೆಯಿಂದ ಹೊರಬಂದದ್ದಿಲ್ಲ.

ಈ ಸಲ ಕಡಿಯುವ ಹಾಗಿರಲಿಲ್ಲ. ಕಡಿದರೆ ಮೊಗ್ಗು ಹೋಯಿತು. ಒಂದು ಗಿಡ ಹೂ ಬಿಡುವುದು ಒಂದೇ ಸಲ. ರಿಗ್ಮೋರಳ ಎಡಗಾಲಿನ ಮಂಡಿಯೋ, ಮುಂದಿನ ಚಳಿಗಾಲದಿಂದ ಏಣಿ ಹತ್ತಬೇಡ ಎಂದು ವೈದ್ಯರಿಂದ ಹೇಳಿಸಿಕೊಂಡ ಮಂಡಿ. ಹೂ ನೋಡುವುದಾದರೆ ಈ ಚಳಿಗಾಲ ದಾಟಿಸಬೇಕು. ಇಲ್ಲವಾದರೆ ಇಲ್ಲ.

ಅವಳು ಅರವತ್ತಾರು ವರ್ಷದವಳು, ಮೊನ್ನೆ ಮೊನ್ನೆಯವರೆಗೂ ಹೋಟೆಲುಗಳ ಹಾಸಿಗೆ ಹೊದಿಕೆ ಒಗೆಯುವ ಕಾರ್ಖಾನೆಯಲ್ಲಿ ಕೆಲಸ ಮಾಡಿದವಳು. ಹೋಟೆಲುಗಳು ಬೇಡವೆಂದು ಬಿಸಾಡಿದ ಹದಿನೇಳು ಪುಕ್ಕದ ರಜಾಯಿಗಳು ಅವಳ ಬಳಿ ಇದ್ದವು. ಎಲೆಗಳನ್ನೆಲ್ಲ ಕೊಯ್ದು, ಗಿಡದ ಪಕ್ಕ ಒಂದು ಗೂಟ ನೆಟ್ಟು ಅದಕ್ಕೆ ಗಿಡ ಕಟ್ಟಿದಳು. ಸುತ್ತ ಹುಲ್ಲು ತುರುಕಿದಳು. ಕ್ರಿಸ್‌ಮಸ್ಸಿನ ಹಳೆಯ ದೀಪದ ಸರ ಸುತ್ತಿದಳು, ಸ್ವಲ್ಪ ಬೆಚ್ಚಗಿರಲೆಂದು. ಅದರ ಮೇಲೆ ಹದಿನೇಳು ರಜಾಯಿ. ಮಳೆಗೆ ನೆನೆಯಬಾರದಲ್ಲ, ಹಳೆ ಸಾಮಾನಿನ ಸಂತೆಯಲ್ಲಿ ಕೊಂಡಿದ್ದ ಮೀನುಗಾರನ ದೊಡ್ಡ ರೇನ್‌ಕೋಟು ತೊಡಿಸಿದಳು. ನೆತ್ತಿಗೆ ಬಕೆಟ್ಟು ಬೋರಲು ಹಾಕಿದಳು. ಬಕೆಟ್ಟು ಗಾಳಿಗೆ ಲಟಲಟ ಅನ್ನುತ್ತಿದ್ದರಿಂದ ಅದರ ಮೇಲೊಂದು ಉಣ್ಣೆ ಟೋಪಿ. ಏಣಿಯಿಂದ ಇಳಿದು ಮಂಡಿ ನೀವಿಕೊಳ್ಳುತ್ತ ತಲೆಯೆತ್ತಿ ನೋಡಿದರೆ, ಮೂರು ಮೀಟರಿನ ಗಂಭೀರ ಮನುಷ್ಯನೊಬ್ಬ ಎದೆಯೊಳಗೆ ದೀಪ ಹಚ್ಚಿಕೊಂಡು ನಿಂತಿದ್ದ.

ನವೆಂಬರ್ ಒಂದನೇ ತಾರೀಕು ಸಂಜೆ ನಾಲ್ಕಕ್ಕೆ, ಆಗಲೇ ಮಬ್ಬುಗತ್ತಲು, ಸಂಘದ ಅಧ್ಯಕ್ಷ ತೋರ್ಕಿಲ್ ತನಿಖೆಗೆ ಹೊರಟ. ತೋರ್ಕಿಲ್ ನಿವೃತ್ತ ಭೂಮಾಪಕ. ಮೂವತ್ತು ವರ್ಷದಿಂದ ಅಧ್ಯಕ್ಷ. ಒಂದು ಕಾಗದವನ್ನೂ ಒಂದು ದಿನ ತಡ ಮಾಡಿದವನಲ್ಲ. ಚಳಿಗೆ ಅವನ ಕನ್ನಡಕ ಮಂಜಾಗಿತ್ತು. ನಲವತ್ತೇಳನೇ ತೋಟದ ಗೇಟಿನ ಬಳಿ ನಿಂತು "ನಮಸ್ಕಾರ" ಅಂದ. ಉತ್ತರವಿಲ್ಲ. ಇನ್ನೆರಡು ಸಲ ಅಂದ. ಆಮೇಲೆ ನಡಾವಳಿ ಪುಸ್ತಕ ತೆಗೆದು ಬರೆದುಕೊಂಡ: "ನಲವತ್ತೇಳರಲ್ಲಿ ಒಬ್ಬರು ಅಕ್ರಮವಾಗಿ ವಾಸವಿದ್ದಾರೆ. ಎತ್ತರದವರು. ಮಾತು ಕಡಿಮೆ."

ಮಂಗಳವಾರದ ಸಭೆಯಲ್ಲಿ ಐದು ಜನ ಸದಸ್ಯರು ಅದಕ್ಕೆ ಸಹಿ ಹಾಕಿದರು. ಗುರುವಾರ ರಿಗ್ಮೋರಳ ಗೇಟಿಗೆ ಕಾಗದ ಬಂತು. ಈ ದೇಶದಲ್ಲಿ ಅರಮನೆಯವರನ್ನು ಬಿಟ್ಟರೆ ಯಾರಿಗೂ ಬಹುವಚನ ಹಚ್ಚುವ ರೂಢಿಯಿಲ್ಲ. ಆದರೆ ಕಾಗದದಲ್ಲಿ, "ತಾವು ಯಾರೆಂದು ತಿಳಿಸತಕ್ಕದ್ದು" ಎಂದಿತ್ತು. ಗುರುತಿಲ್ಲದ ಮೂರು ಮೀಟರಿನ ಮನುಷ್ಯನನ್ನು ಏಕವಚನದಲ್ಲಿ ಕರೆಯಲು ತೋರ್ಕಿಲ್‌ಗೂ ಧೈರ್ಯ ಬಂದಿರಲಿಲ್ಲ.

ರಿಗ್ಮೋರ್ ನಗುತ್ತಲೇ ಸಂಘದ ಕೋಣೆಗೆ ಹೋದಳು.

"ತೋರ್ಕಿಲ್, ಅದು ನನ್ನ ಬಾಳೆಗಿಡ ಕಣೋ."

ತೋರ್ಕಿಲ್ ನಗಲಿಲ್ಲ. ಪೆನ್ನಿನ ಮುಚ್ಚಳ ತೆಗೆದ. "ಗಿಡವಾ? ಎಷ್ಟೆತ್ತರ?"

"ಮೂರು ಮೀಟರು, ಮೇಲೊಂದು ಗೇಣು."

"ಹದಿನಾಲ್ಕನೇ ನಿಯಮ," ಅಂದ ತೋರ್ಕಿಲ್, ಪುಸ್ತಕ ನೋಡದೆಯೇ. "ತೋಟದಲ್ಲಿ ಯಾವ ಗಿಡವೂ ಎರಡೂವರೆ ಮೀಟರು ಮೀರಕೂಡದು. ಒಂದು ವಾರದೊಳಗೆ ಕಡಿಯಬೇಕು. ಬೇಸಿಗೇಲಿ ಎಲೆ ಅಂತ ಸುಮ್ನಿದ್ದೆ. ಕಾಂಡ ಅಂದ್ಮೇಲೆ ಬಿಡೋಕಾಗಲ್ಲ."

ರಿಗ್ಮೋರ್ ನಗು ನಿಲ್ಲಿಸಿದಳು. "ತುದಿ ಕಡಿಯೋಕೆ ಅಂತ ಕಟ್ಟಿದ್ದನ್ನ ಬಿಚ್ಚಿದ್ರೆ ಮೊಗ್ಗು ಚಳಿಗೆ ಸತ್ತೇ ಹೋಗುತ್ತೆ."

"ಮೊಗ್ಗಿಗೆ ನಿಯಮ ಇಲ್ಲ."

ಹೀಟರಿನ ಸೆಕೆಗೆ ಅವಳು ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಆಮೇಲೆ ರಿಗ್ಮೋರ್ ಮೆಲ್ಲಗೆ ಕೇಳಿದಳು, "ಮನುಷ್ಯ ಆಗಿದ್ರೆ?"

"ಮನುಷ್ಯ ಆದ್ರೆ ಬೇರೆ. ಏಕಾಏಕಿ ಹೊರಗೆ ಹಾಕೋ ಹಾಗಿಲ್ಲ. ಮೂರು ಸಲ ಅವರ ಅಹವಾಲು ಕೇಳ್ಬೇಕು. ಆಮೇಲೆ ನಾನು ನೋಟಿಸಿಗೆ ಸಹಿ ಹಾಕಿದ ದಿನದಿಂದ ಮೂರು ತಿಂಗಳು ಟೈಮು ಕೊಡ್ಬೇಕು."

"ಎತ್ತರ?"

ತೋರ್ಕಿಲ್ ಯೋಚಿಸಿದ. ಮೂವತ್ತು ವರ್ಷದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. "ಮನುಷ್ಯರ ಎತ್ತರಕ್ಕೆ ಮಿತಿ ಹಾಕಿಲ್ಲ."

"ಹಾಗಾದ್ರೆ ಮನುಷ್ಯ ಅಂತಲೇ ಇರ್ಲಿ ಬಿಡು."

ತೋರ್ಕಿಲ್‌ನ ಮುಖದಲ್ಲಿ ದೊಡ್ಡದೊಂದು ನೆಮ್ಮದಿ ಮೂಡಿತು. ಐದು ಸಹಿ ಬಿದ್ದ ನಡಾವಳಿಯನ್ನು ಹೊಡೆದುಹಾಕುವುದು ಅವನಿಂದಾಗುವ ಕೆಲಸವಾಗಿರಲಿಲ್ಲ. ಫಾರಂ ತೆಗೆದ.

"ಹೆಸರು?"

ರೇನ್‌ಕೋಟಿನ ಕಾಲರಿನಲ್ಲಿ ಹಳೆಯ ಒಡೆಯನಾರೋ ದಾರದಲ್ಲಿ ಹೊಲಿದಿದ್ದ ಹೆಸರು ಅವಳಿಗೆ ನೆನಪಾಯಿತು. "ಅಸ್ಗರ್."

"ವಯಸ್ಸು?"

ರಿಗ್ಮೋರ್ ಅನವಶ್ಯಕವಾಗಿ ಸುಳ್ಳು ಹೇಳುವವಳಲ್ಲ. ಬೆರಳುದ್ದದ ಕಂದನ್ನು ಕುಂಡದಲ್ಲಿ ತಂದ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. "ಬರೋ ಫೆಬ್ರವರಿ ಇಪ್ಪತ್ತೈದನೇ ತಾರೀಕಿಗೆ ಇಪ್ಪತ್ತೈದು ತುಂಬುತ್ತೆ."

"ಉದ್ಯೋಗ?"

"ನಿಂತ್ಕೊಂಡಿರೋದು."

ಕಾವಲುಗಾರ, ಎಂದು ಬರೆದುಕೊಂಡ ತೋರ್ಕಿಲ್. "ಮದುವೆ?"

"ಆಗಿಲ್ಲ."

ಹೀಗೆ ಬಾಳೆಗಿಡ ಮನುಷ್ಯನಾಯಿತು. ಆಗುವುದು ಸುಲಭ, ಆದಮೇಲೆ ಬರುವ ಕರಕರೆಗಳೇ ಹೆಚ್ಚು. ಡಿಸೆಂಬರಿನಲ್ಲಿ ಹಿಮ ಬಿತ್ತು. ದಾರಿಯ ಹಿಮ ಎತ್ತುವ ಸರದಿಯ ಪಟ್ಟಿಯಲ್ಲಿ ಅಸ್ಗರನ ಹೆಸರೂ ಬಂತು. ಅವನು ಎತ್ತಲಿಲ್ಲ. ಐವತ್ತೊಂದನೇ ತೋಟದವರು ದೂರು ಕೊಟ್ಟರು: ಇಡೀ ದಿನ ನಿಂತು ನೋಡುತ್ತಾನೆ, ಕೈ ಹೊರಗೆ ತೆಗೆಯುವುದಿಲ್ಲ. ಅವನ ಪಾಲಿನ ಹಿಮವನ್ನೂ ರಿಗ್ಮೋರಳೇ ಎತ್ತಿದಳು. ಕ್ರಿಸ್‌ಮಸ್ ಊಟದ ಕರೆಯೋಲೆ ಅವನ ಜೇಬಿಗೇ ಬಂತು.

ಊಟದ ಮಾರನೇ ದಿನ ಬೋಡಿಲ್ ಒಂದು ತಟ್ಟೆ ಹಿಡಿದು ಬಂದಳು. ಕಪ್ಪು ರೊಟ್ಟಿ, ಉಪ್ಪಿನಕಾಯಿ ಹಾಕಿದ ಮೀನು, ಮೇಲೆ ಈರುಳ್ಳಿ.

"ಎಲ್ಲೇ ನಿನ್ನ ಬಾಡಿಗೆದಾರ? ಊಟಕ್ಕೆ ಯಾಕೆ ಬರ್ಲಿಲ್ಲ? ನಮ್ಮೂರ ಮೀನು ರುಚಿಸಲ್ವಂತಾ ದೊಡ್ಡ ಮನುಷ್ಯಂಗೆ?"

"ನಾಚಿಕೆ ಸ್ವಭಾವ," ಅಂದಳು ರಿಗ್ಮೋರ್.

"ಇದ್ಯಾವ ನಾಚಿಕೆ! ನಮ್ಮೆಜಮಾನ್ರು ಅಷ್ಟೆತ್ತರ ಇದ್ದಿದ್ರೆ ರಾಜನ ಪಕ್ಕ ಕೂತು ಉಣ್ತಿದ್ರು." ತಟ್ಟೆಯನ್ನು ಅಸ್ಗರನ ಕಾಲ ಬಳಿ ಇಟ್ಟು, ಕಣ್ಣು ಕಿರಿದಾಗಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬೋಡಿಲ್‌ಗೆ ಗೊತ್ತಿತ್ತು. ಅರವತ್ತೆರಡು ತೋಟದವರಿಗೂ ಗೊತ್ತಿತ್ತು. ಆದರೆ ಗೊತ್ತಿದೆ ಎಂದು ಮೊದಲು ಹೇಳಿದವರು ಆಟ ಕೆಡಿಸಿದ ಹಾಗಾಗುತ್ತಿತ್ತು. ಅಲ್ಲದೆ ಆ ಎದೆಯ ದೀಪದ ಬೆಳಕಿನಲ್ಲಿ ಅವನು ನಿಜಕ್ಕೂ ಒಳ್ಳೆಯವನಂತೆ ಕಾಣುತ್ತಿದ್ದ. ಜನ ಬಂದು ಮಾತಾಡಿ ಹೋಗತೊಡಗಿದರು. ಸೊಸೆಯ ವಿಷಯ, ಮೂತ್ರಪಿಂಡದ ಕಲ್ಲಿನ ವಿಷಯ. ಅಷ್ಟು ಶಾಂತವಾಗಿ ಕೇಳಿಸಿಕೊಳ್ಳುವವರು ಆ ಊರಿನಲ್ಲಿ ಇನ್ನೊಬ್ಬರಿರಲಿಲ್ಲ.

ತೋರ್ಕಿಲ್ ನಿಯಮದಂತೆ ಮೂರು ಸಲ ಅಹವಾಲು ಕೇಳಲು ಬಂದ. ನವೆಂಬರಿನಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ, ಜನವರಿ ಹತ್ತಕ್ಕೊಮ್ಮೆ. ಕೊಡೆ ಹಿಡಿದು ನಿಂತು ಒಂಬತ್ತನೇ ನಿಯಮವನ್ನು ಗಟ್ಟಿಯಾಗಿ ಓದಿ, "ತಾವೇನಾದರೂ ಹೇಳುವುದಿದೆಯೇ?" ಎಂದು ಕೇಳಿ, ಗಡಿಯಾರ ನೋಡುತ್ತ ಐದು ನಿಮಿಷ ಕಾಯುತ್ತಿದ್ದ. "ಹೇಳುವುದೇನೂ ಇಲ್ಲ" ಎಂದು ಬರೆದುಕೊಳ್ಳುತ್ತಿದ್ದ. ಮೂರನೇ ಸಲ ಮಾತ್ರ ಐದು ನಿಮಿಷ ಕಳೆದ ಮೇಲೂ ಅಲ್ಲೇ ನಿಂತಿದ್ದ. ಅಡುಗೆಕೋಣೆಯ ಕಿಟಕಿಯಿಂದ ನೋಡುತ್ತಿದ್ದ ರಿಗ್ಮೋರಳಿಗೆ ಅವನ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಏನು ಹೇಳಿದನೋ, ಅದು ನಡಾವಳಿಯಲ್ಲಿ ಬರಲಿಲ್ಲ.

ಇನ್ನು ಸಹಿಯೊಂದೇ ಬಾಕಿ. ಜನವರಿ ಹನ್ನೊಂದಕ್ಕೆ ಸಹಿ ಬಿದ್ದರೆ ಏಪ್ರಿಲ್ ಹನ್ನೊಂದಕ್ಕೆ ಅಸ್ಗರ್ ಹೊರಗೆ. ಆಗಿನ್ನೂ ಬೆಳಗಿನ ಹೊತ್ತು ಹುಲ್ಲಿನ ಮೇಲೆ ಹಿಮ ಕೂತಿರುತ್ತದೆ. ರಿಗ್ಮೋರ್ ದಿನವೂ ಗೇಟಿನ ಪೆಟ್ಟಿಗೆ ತೆಗೆದು ನೋಡುತ್ತಿದ್ದಳು. ಕಾಗದ ಬರಲಿಲ್ಲ.

ಬಂದದ್ದು ಬೇರೆ ಗ್ರಹಚಾರ. ಜನವರಿಯ ಕೊನೆಗೆ ಚಳಿ ಸಡಿಲಾಗಿ, ಹದಿನೈದು ದಿನ ಬಿಡದೆ ಜಿನುಗು ಮಳೆ. ಒಂದು ದಿನ ರೇನ್‌ಕೋಟಿನ ಗುಂಡಿ ಬಿಚ್ಚಿದಾಗ ನೆನೆದ ನಾಯಿಯಂಥ ವಾಸನೆ ಮೂಗಿಗೆ ಹೊಡೆಯಿತು. ರಿಗ್ಮೋರ್ ರಜಾಯಿಗಳ ನಡುವೆ ತೋಳು ತೂರಿಸಿದಳು. ಒದ್ದೆ. ಒಳಗಿನ ಹುಲ್ಲು ಒದ್ದೆ. ಬೆರಳಿಗೆ ಬೂಷ್ಟು ಅಂಟಿಕೊಂಡು ಬಂತು. ಬಾಳೆಯನ್ನು ಚಳಿ ಕೊಲ್ಲದಿದ್ದರೆ ಕೊಳೆ ಕೊಲ್ಲುತ್ತದೆ, ಮೇಲಿನಿಂದ ಶುರುವಾಗಿ ಒಳಗೊಳಗೇ ಇಳಿಯುತ್ತ, ಮೊಗ್ಗಿನವರೆಗೆ. ಬಿಚ್ಚಿ ಒಣಗಿಸೋಣವೆಂದರೆ ರೇಡಿಯೋದಲ್ಲಿ ಮತ್ತೆ ಚಳಿಯ ಮುನ್ಸೂಚನೆ. ಹದಿನೇಳು ರಜಾಯಿಯನ್ನು ಒಬ್ಬಳೇ ಇಳಿಸಿ ಏರಿಸಲು ಮಂಡಿ ಒಪ್ಪುತ್ತಿರಲಿಲ್ಲ. ಅವಳು ಗುಂಡಿ ಹಾಕಿ, ಮೆಟ್ಟಿಲ ಮೇಲೆ ಕೂತು, ಬೋಡಿಲ್ ಅಂದೂ ಅಸ್ಗರನಿಗೆಂದು ತಂದಿಟ್ಟಿದ್ದ ಮೀನು ರೊಟ್ಟಿಯನ್ನು ತಾನೇ ತಿಂದಳು. ತಿನ್ನುವಾಗ ಒಂದೆರಡು ಹನಿ ಕಣ್ಣೀರು ಈರುಳ್ಳಿಯ ಮೇಲೂ ಬಿತ್ತು.

ಅಷ್ಟರಲ್ಲಿ ಫೆಬ್ರವರಿ ಇಪ್ಪತ್ತೈದು ಬಂತು.

ಇಪ್ಪತ್ತೈದು ತುಂಬಿಯೂ ಮದುವೆಯಾಗದವರನ್ನು ಡೇನಿಷ್ ಜನ ಸುಮ್ಮನೆ ಬಿಡುವುದಿಲ್ಲ. ಹಿಡಿದು ಕಂಬಕ್ಕೆ ಕಟ್ಟಿ, ನೀರು ಸುರಿದು, ತಲೆಯಿಂದ ಕಾಲಿನವರೆಗೆ ದಾಲ್ಚಿನ್ನಿ ಚಕ್ಕೆಯ ಪುಡಿ ಎರಚುತ್ತಾರೆ. ಫಾರಮ್ಮಿನ ಎರಡು ಸಾಲುಗಳನ್ನು ಕೂಡಿಸಿ ನೋಡಿದವಳು ಬೋಡಿಲ್. ಬೆಳಿಗ್ಗೆ ಹನ್ನೊಂದಕ್ಕೆ ನಲವತ್ತು ಜನ ಗೇಟು ದೂಡಿಕೊಂಡು ಒಳಬಂದರು. ಕೈಯಲ್ಲಿ ಪುಟ್ಟ ಬಾವುಟಗಳು, ಚಕ್ಕೆಪುಡಿಯ ಚೀಲಗಳು, ನಾಲ್ಕು ಬಕೆಟ್ಟು ನೀರು.

"ನೋಡ್ರೋ, ಎಷ್ಟು ಮರ್ಯಾದಸ್ಥ!" ಎಂದು ಬೋಡಿಲ್ ಕೂಗಿದಳು. "ನಾವು ಬರ್ತೀವಿ ಅಂತ ತಾನೇ ಕಂಬಕ್ಕೆ ಕಟ್ಟಿಸ್ಕೊಂಡು ನಿಂತವ್ನೆ!"

ಬಕೆಟ್ಟು ಮೇಲೆದ್ದದ್ದನ್ನು ನೋಡಿ ರಿಗ್ಮೋರ್ ಮಂಡಿ ಮರೆತು ಓಡಿದಳು. ಅಸ್ಗರನ ಮುಂದೆ ತೋಳು ಚಾಚಿ ನಿಂತಳು. "ನೀರು ಬೇಡ! ಕೈ ಮುಗೀತೀನಿ, ನೀರೊಂದು ಬೇಡ! ಅವನಿಗೆ ಹುಷಾರಿಲ್ಲ."

ಗುಂಪು ನಿಂತಿತು. ಎಲ್ಲರೂ ತೋರ್ಕಿಲ್ ಕಡೆ ನೋಡಿದರು. ತೋರ್ಕಿಲ್ ಮುಂದೆ ಬಂದು, ಕೈಗವಸು ತೆಗೆದು, ಕೋಟಿನ ಎರಡು ಗುಂಡಿ ಬಿಚ್ಚಿ, ವೈದ್ಯನಂತೆ ಕೈ ಒಳಗೆ ಹಾಕಿದ. ಬಹಳ ಹೊತ್ತು ಹಾಗೇ ನಿಂತ. ಕೈ ಹೊರತೆಗೆದು ಬೆರಳು ಮೂಸಿದ.

"ಮೈ ತಣ್ಣಗಿದೆ. ಹಾಸಿಗೆಯೆಲ್ಲ ಒದ್ದೆ," ಅಂದ. "ಕಾಯಿಲೆಯವರ ಮೇಲೆ ನೀರು ಹಾಕೋದು ಸರಿಯಲ್ಲ. ಪುಡಿ ಹಾಕ್ಬಹುದು, ಬೂಷ್ಟು ಹಬ್ಬೋದು ನಿಲ್ಲುತ್ತೆ."

"ಒದ್ದೆ ಹಾಸಿಗೇನಾ?" ಬೋಡಿಲ್ ರಿಗ್ಮೋರಳ ಮೇಲೆ ಹರಿಹಾಯ್ದಳು. "ಅಯ್ಯೋ ಪಾಪಿ! ಒಂದು ಮಾತು ಹೇಳೋಕೇನಾಗಿತ್ತೇ ನಿಂಗೆ? ಎದುರುಮನೇಲಿ ನಾನೇನು ಸತ್ತಿದ್ನಾ? ಏ, ಏಣಿ ತನ್ನಿ ಇಲ್ಲಿ. ನಿಮ್ ನಿಮ್ ಮನೇಲಿರೋ ಒಣ ರಜಾಯಿ ತನ್ನಿ. ಹಳೇದಲ್ಲ, ಒಳ್ಳೇದು ತನ್ನಿ!"

ನೆನೆದ ಹದಿನೇಳು ರಜಾಯಿ ಕೆಳಗಿಳಿದವು. ಒದ್ದೆ ಹುಲ್ಲು ಹೋಯಿತು. ಒಳಗೆ ನಿಂತಿದ್ದ ಹಸಿರು ಕಾಂಡವನ್ನು ಎಲ್ಲರೂ ನೋಡಿದರು; ಬಟ್ಟೆ ಬದಲಿಸುವವರ ಕಡೆ ದಿಟ್ಟಿಸಬಾರದೆಂಬ ಹಾಗೆ ಕೆಲವರು ಮುಖ ತಿರುಗಿಸಿದರು. ಆಮೇಲೆ ಚಕ್ಕೆಪುಡಿ. ಬುಡಕ್ಕೆ, ಕಂಕುಳಿಗೆ, ಪಟ್ಟೆಪಟ್ಟೆಯ ಸಂದಿಗೆ, ಏಣಿಯ ಮೇಲಿಂದ ನೆತ್ತಿಗೆ, ಒಂಬತ್ತು ಕಿಲೋ. ಗಾಳಿಯೆಲ್ಲ ಕೆಂಪಾಗಿ ಇಡೀ ಮೂಲೆಬಿಸಿಲು ಒಟ್ಟಿಗೆ ಸೀನಿತು. ಕೊನೆಗೆ ಬಂದವರೆಲ್ಲರ ಮನೆಯ ಹೂಹೂವಿನ ರಜಾಯಿಗಳನ್ನು ಹೊದಿಸಿ ಕೋಟಿನ ಗುಂಡಿ ಹಾಕುವಷ್ಟರಲ್ಲಿ ಅಸ್ಗರ್ ಮೊದಲಿಗಿಂತ ದುಪ್ಪಟ್ಟು ದಪ್ಪಗಾಗಿದ್ದ. ಕೇಕ್ ಕತ್ತರಿಸಿ ಹಾಡು ಹಾಡಿದರು.

ಮಾರ್ಚ್ ಕೊನೆಯ ಶನಿವಾರ ಸಂಘದ ಮಹಾಸಭೆ. ಆರನೇ ವಿಷಯ, ನಲವತ್ತೇಳರ ನಿವಾಸಿಯನ್ನು ಹೊರಹಾಕುವುದು. ರಿಗ್ಮೋರ್ ಕೊನೆಯ ಸಾಲಿನಲ್ಲಿ, ಮಡಿಲಲ್ಲಿ ಕೈ ಹಿಸುಕಿಕೊಳ್ಳುತ್ತ ಕೂತಿದ್ದಳು. ತೋರ್ಕಿಲ್ ಎದ್ದು ಕಾಗದ ಬಿಡಿಸಿದ.

"ಮೂರು ಸಲ ಅಹವಾಲು ಕೇಳಲಾಗಿದೆ. ನಿವಾಸಿ ಏನೂ ಹೇಳಿಲ್ಲ. ನೋಟಿಸಿಗೆ ಸಹಿಯಾದ ದಿನ, ಫೆಬ್ರವರಿ ಇಪ್ಪತ್ತಾರು. ಮೂರು ತಿಂಗಳು ಅಂದರೆ ಮೇ ಇಪ್ಪತ್ತಾರಕ್ಕೆ ಖಾಲಿ ಮಾಡಬೇಕು." ಕನ್ನಡಕ ಸರಿಮಾಡಿಕೊಂಡ. "ಆದರೆ ಮೇ ಒಂದರಿಂದ ಎಲ್ಲರೂ ತೋಟದಲ್ಲಿ ವಾಸ ಮಾಡಬಹುದು. ಹಾಗಾಗಿ ಖಾಲಿ ಮಾಡುವ ದಿನ ಅವರು ಅಲ್ಲಿರುವುದು ತಪ್ಪಾಗುವುದಿಲ್ಲ. ಏಳನೇ ವಿಷಯ, ಚರಂಡಿ."

ಐವತ್ತೊಂದನೇ ತೋಟದವರು ಎದ್ದರು. "ಒಂದ್ನಿಮಿಷ. ಮೂರನೇ ಸಲ ಕೇಳಿದ್ದು ಜನವರಿ ಹತ್ತಕ್ಕೆ. ಮಾರನೇ ದಿನಾನೇ ಸಹಿ ಹಾಕ್ಬೇಕಿತ್ತಲ್ವಾ? ಒಂದೂವರೆ ತಿಂಗಳು ಯಾಕೆ ತಡ?"

"ಪೆನ್ನಿನ ಮಸಿ ಹೆಪ್ಪುಗಟ್ಟಿತ್ತು," ಅಂದ ತೋರ್ಕಿಲ್.

ಸಂಘದ ಕೋಣೆಯ ಹೀಟರು ಎಂಥದೆಂದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಬೆಣ್ಣೆ ಕೂಡ ಕರಗುತ್ತದೆ. ತೋರ್ಕಿಲ್ ಕಾಗದ ಮಡಿಸಿದ. ಮಡಿಕೆಯಿಂದ ಮೇಜಿನ ಮೇಲೆ ಚಿಟಿಕೆಯಷ್ಟು ಕೆಂಪು ಪುಡಿ ಉದುರಿತು. ಅವನು ಅದನ್ನು ತೋಳಿನಿಂದ ಒರೆಸಿ ಚರಂಡಿಯ ವಿಷಯ ಓದತೊಡಗಿದ. ರಿಗ್ಮೋರ್ ಒಮ್ಮೆ ಸೀನಿದಳು, ಬೇಕಂತಲೇ.

ಏಪ್ರಿಲ್ ಇಪ್ಪತ್ತರಂದು ಅಸ್ಗರನ ಬಟ್ಟೆ ಬಿಚ್ಚಿದರು. ನೆತ್ತಿ ಕಂದಾಗಿ ಮೆತ್ತಗಾಗಿತ್ತು. ಬೋಡಿಲ್ ಏಣಿ ಹಿಡಿದಳು. ರಿಗ್ಮೋರ್ ರೊಟ್ಟಿ ಕೊಯ್ಯುವ ಚಾಕುವಿನಿಂದ ತುದಿಯಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತ ಬಂದಳು; ಕೊಳೆತದ್ದು ಎಲ್ಲಿ ಮುಗಿಯುತ್ತದೋ ಅಲ್ಲಿಯವರೆಗೆ ಕೊಯ್ಯಬೇಕು, ಬೇರೆ ದಾರಿಯಿಲ್ಲ. ಮೊದಲ ಬಿಲ್ಲೆ ಕಪ್ಪು. ಎರಡನೆಯದೂ ಕಪ್ಪು. ಮೂರು, ನಾಲ್ಕು. ಪ್ರತಿ ಬಿಲ್ಲೆಯೂ ಚಕ್ಕೆಯ ಘಮ ಬಿಡುತ್ತ ಹುಲ್ಲಿನ ಮೇಲೆ ಬೀಳುತ್ತಿತ್ತು.

"ಸಾಕು ಬಿಡೇ," ಅಂದಳು ಬೋಡಿಲ್, ಎಂದೂ ಇಲ್ಲದ ಮೆಲುದನಿಯಲ್ಲಿ.

ಐದನೆಯದು ಅಂಚಿನಲ್ಲಿ ಕಂದು, ನಡುವೆ ಬಿಳಿ. ಆರನೆಯದು ಹಾಲಿನಂಥ ಬಿಳಿ. ನಟ್ಟನಡುವೆ ಬಟಾಣಿಯಷ್ಟು ಹಸಿರು ಚುಕ್ಕೆ.

ರಿಗ್ಮೋರ್ ಏಣಿಯ ಮೇಲೇ ಕೂತುಬಿಟ್ಟಳು.

ಜುಲೈನಲ್ಲಿ ಮೊಗ್ಗು ನೆತ್ತಿಯಿಂದ ಹೊರಬಂತು. ಹಸುವಿನ ನಾಲಗೆಯಷ್ಟು ದಪ್ಪ, ಹಳದಿಗೆ ನೇರಳೆ ಬೆರೆಸಿದ ಬಣ್ಣ. ಮೊದಲು ಆಕಾಶ ನೋಡಿತು, ಆಮೇಲೆ ಏನೋ ಯೋಚನೆ ಬಂದಂತೆ ತಲೆ ಬಾಗಿಸಿ, ಒಂದು ಎಸಳು ಎತ್ತಿ ಕೆಳಗಿದ್ದವರನ್ನು ಇಣುಕಿತು. ಎದುರು ತೋಟದಲ್ಲಿ ಪೆಟ್ಟಿಗೆಯ ಮುಚ್ಚಳ ಕಿರ್ರೆಂದಿತು. ಬೋಡಿಲ್ ಬಾವುಟ ಹೆಗಲ ಮೇಲೆ ಹಾಕಿಕೊಂಡು ತೋರ್ಕಿಲ್‌ನನ್ನು ಕೇಳಿದಳು, "ಗಿಡ ಹೂ ಬಿಟ್ಟಿದ್ದಕ್ಕೆ ಬಾವುಟ ಏರಿಸ್ಬಹುದೇನಯ್ಯಾ?"

"ಗಿಡಕ್ಕೆ ಇಲ್ಲ. ಮನುಷ್ಯರ ಮನೆಯ ಶುಭಕಾರ್ಯಕ್ಕೆ ಮಾತ್ರ," ಅಂದ ತೋರ್ಕಿಲ್. ಅಸ್ಗರನತ್ತ ನೋಡಿದ. "ಏರಿಸು."

ಅಂದು ಮೂಲೆಬಿಸಿಲಿನ ಅರವತ್ತೆರಡು ಕಂಬಗಳಲ್ಲೂ ಕೆಂಪು ಬಿಳಿ ಬಾವುಟ ಹಾರಿತು, ಸೂರ್ಯ ಮುಳುಗುವವರೆಗೆ. ಹೂವಿನ ಕೆಳಗೆ ಮೇಜು ಹಾಕಿ ಕಾಫಿ ಕುಡಿದರು. ಹೂ ಮುಗಿದ ಮೇಲೆ ಅಸ್ಗರನೂ ಮುಗಿಯುತ್ತಾನೆ ಎಂದು ರಿಗ್ಮೋರಳಿಗೆ ಗೊತ್ತಿತ್ತು. ಬಾಳೆಯ ಬದುಕೇ ಹಾಗೆ. ಆದರೆ ಅವಳಿಗೆ ಅಳು ಬರಲಿಲ್ಲ. ನೋಡಬೇಕಿದ್ದದ್ದನ್ನು ನೋಡಿಯಾಗಿತ್ತು.

ತೋರ್ಕಿಲ್ ಬಗ್ಗಿ ಅಸ್ಗರನ ಬುಡ ನೋಡುತ್ತಿದ್ದ. ಅಲ್ಲಿ ಮೂರು ಎಳೆಯ ಕಂದುಗಳು ಎಲೆ ಸುರುಳಿ ಬಿಚ್ಚುತ್ತಿದ್ದವು.

"ಇವರ್ಯಾರು?"

"ಮಕ್ಕಳು," ಅಂದಳು ರಿಗ್ಮೋರ್.

"ಮದುವೆ ಆಗಿಲ್ಲ ಅಂತ ನೀನೇ ಬರೆಸಿದ್ದೆ."

"ಈಗಿನ ಕಾಲದವರು ತೋರ್ಕಿಲ್, ನಾವೇನು ಹೇಳೋಕಾಗುತ್ತೆ?"

ತೋರ್ಕಿಲ್ ಚೀಲದಿಂದ ಮೂರು ಫಾರಂ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಪೆನ್ನಿನ ಮುಚ್ಚಳ ತೆಗೆದವನು ಸ್ವಲ್ಪ ತಡೆದು, ತಲೆಯೆತ್ತದೆ ಹೇಳಿದ, "ನವೆಂಬರ್‌ನಲ್ಲಿ ಏಣಿ ಹತ್ತೋದು ನಾನು. ನೀನು ಕೆಳಗೆ ನಿಂತ್ಕೊಂಡು ರಜಾಯಿ ಕೊಟ್ರೆ ಸಾಕು." ಆಮೇಲೆ ಮೊದಲನೆಯ ಕಂದಿನ ಕಡೆ ತಿರುಗಿ, ಎಂದಿನ ಸಭಾಮರ್ಯಾದೆಯಲ್ಲಿ ಕೇಳಿದ:

"ತಮ್ಮ ಹೆಸರು?"